ವಿರೂಪಣ್ಣನ ಕೆಂಪು ಸಾಲು

ಬಸ್ ನಿಲ್ದಾಣದ ಎದುರಿಗೆ ಒಂದು ಕರಿ ಹಲಗೆ ಇತ್ತು. ದಿನಾ ಬೆಳಿಗ್ಗೆ ವಿರೂಪಣ್ಣ ಅದರ ಮೇಲೆ ಸೀಮೆಸುಣ್ಣದಿಂದ ಊರ ಸುದ್ದಿ ಬರೆಯುತ್ತಿದ್ದ. ಹಲಗೆ ಹಿಡಿಯುವುದು ಹತ್ತೇ ಸಾಲು. ಒಂಬತ್ತು ಬಿಳಿ, ಒಂದು ಕೆಂಪು. ಎಷ್ಟೋ ಮಂದಿ ಕೆಂಪು ಸಾಲನ್ನಷ್ಟೇ ಓದಿ ಬಸ್ ಹತ್ತುತ್ತಿದ್ದರು. ತಾನು ಒಂದಕ್ಷರ ಸುಳ್ಳು ಬರೆದವನಲ್ಲ ಎಂದು ವಿರೂಪಣ್ಣನಿಗೆ ಬಲು ಹೆಮ್ಮೆ.

ಒಮ್ಮೆ ಕೆರೆ ಓಣಿಯಲ್ಲಿ ಎರಡು ಸೈಕಲ್ಲು ಡಿಕ್ಕಿಯಾಗಿ, ಸವಾರರು ಕೈಕೈ ಮಿಲಾಯಿಸಿದರು. ಒಬ್ಬ ಗುಡಿಗೆ ಹೋಗುವವನು, ಇನ್ನೊಬ್ಬ ಮಸೀದಿಗೆ. ಹಿರಿಯರು ಇಬ್ಬರಿಗೂ ಬೈದು, ಚಹಾ ಕುಡಿಸಿ, ಕಾಲು ಗಂಟೆಯಲ್ಲಿ ರಾಜಿ ಮಾಡಿಸಿದರು. ಮರುದಿನ ಕೆಂಪು ಸಾಲು ಹೀಗಿತ್ತು: 'ಕೆರೆ ಓಣಿಯಲ್ಲಿ ಎರಡು ಕೋಮಿನವರ ಹೊಡೆದಾಟ.' ಹಲಗೆಯ ಮುಂದೆ ಜನವೋ ಜನ. ವಿರೂಪಣ್ಣನಿಗೆ ಹುರುಪು ಬಂತು. ಎರಡನೆಯ ದಿನ, 'ಮತ್ತೆ ಗಲಾಟೆಯಾದೀತೇ?' ಎಂದು ಬರೆದ. ಮೂರನೆಯ ದಿನ, 'ಕೆರೆ ಓಣಿಗೆ ಪೊಲೀಸರು.' ಪೊಲೀಸರು ಬಂದದ್ದೂ ನಿಜವೇ, ಮಿರ್ಚಿ ಭಜಿ ತಿನ್ನಲು.

ಆ ಓಣಿಗೆ ಗಿರಾಕಿಗಳು ಬರುವುದು ನಿಂತಿತು. ಚುನಾವಣೆಗೆ ನಿಂತವರು ಚರಂಡಿಯ ಮಾತು ಬಿಟ್ಟು 'ನಮ್ಮವರ ರಕ್ಷಣೆ' ಎಂದು ಭಾಷಣ ಶುರುಮಾಡಿದರು. ಎಲ್ಲರಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು ಅಲ್ಲಿ ಬಳೆ ಅಂಗಡಿ ಇಟ್ಟಿದ್ದ ಖಾಜಾಬಿಗೆ. ಊರಿನ ಬಸುರಿಯರ ಕುಬಸದ ಶಾಸ್ತ್ರಕ್ಕೆ ಮೂವತ್ತು ವರ್ಷದಿಂದ ಹಸಿರು ಬಳೆ ತೊಡಿಸಿದವಳು ಆಕೆಯೇ. ಆ ವಾರ ಮೂರು ಮನೆಯವರು, ಬರುವುದು ಬೇಡ ಎಂದು ಹೇಳಿ ಕಳಿಸಿದರು.

ಖಾಜಾಬಿ ನೆಟ್ಟಗೆ ಹಲಗೆಯ ಬಳಿಗೆ ಬಂದಳು.

"ಇದ್ರಾಗ ಸುಳ್ಳು ಯಾವುದೈತಿ, ತೋರಿಸವ್ವಾ," ಎಂದ ವಿರೂಪಣ್ಣ.

"ಸುಳ್ಳು ಒಂದೂ ಇಲ್ರೀ ಅಣ್ಣಾರ. ಆದ್ರ ನಾ ಇರೋ ಓಣಿ ಇದ್ರಾಗಿಲ್ಲ. ನಾಳೆ ಒಂದಿನ ನಮ್ಮಲ್ಲಿ ಬಂದು ಕುಂದರ್ರಿ, ಕಂಡದ್ದೆಲ್ಲಾ ಬರಕೊಳ್ರಿ. ಹೂಂ ಅನ್ನೋತನಕ ನಾ ಏಳಂಗಿಲ್ಲ."

ಹೇಳಿದವಳೇ ಹಲಗೆಯ ಕೆಳಗೆ ಕುಳಿತುಬಿಟ್ಟಳು. ಬಸ್ಸಿನ ಜನ ಇಣುಕತೊಡಗಿದರು. ವಿರೂಪಣ್ಣ ಹೂಂ ಅನ್ನಲೇಬೇಕಾಯಿತು.

ಮರುದಿನ ಹೋಗಿ ಕುಳಿತ. ಚರಂಡಿ ಮೂರು ಕಡೆ ಒಡೆದಿತ್ತು. ಜಗಳವಾಡಿದ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋದರು. ಖಾಜಾಬಿಯ ಅಂಗಡಿಗೆ ಸಂಜೆಯವರೆಗೂ ಒಬ್ಬರೂ ಬರಲಿಲ್ಲ. ಅವನಿಗೆ ತುಂಬ ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ಕೆಂಪು ಸೀಮೆಸುಣ್ಣದಲ್ಲಿ ಬರೆದ: 'ಕೆರೆ ಓಣಿಯ ಜಗಳ ಕಾಲು ಗಂಟೆಯಲ್ಲೇ ಮುಗಿದಿತ್ತು. ನಾನು ಅದನ್ನು ಬರೆಯಲಿಲ್ಲ. ತಪ್ಪು ನನ್ನದು.'

"ಇಂಥಾದ್ದು ಯಾರು ಓದ್ತಾರಪಾ?" ಎಂದ ಪಕ್ಕದ ಚಹಾದಂಗಡಿಯವನು.

"ಓದೋತನಕ ಬರೀತೀನಿ."

ಜನ ಓದಲು ನಿಲ್ಲಲಿಲ್ಲ. ಅವನೂ ಬಿಡಲಿಲ್ಲ. ಹತ್ತನೆಯ ದಿನ ಆ ಮೂರು ಮನೆಗಳಲ್ಲಿ ಎರಡು ಮನೆಯವರು ಖಾಜಾಬಿಯನ್ನು ಕರೆದರು. ಮೂರನೆಯವರು ಕರೆಯಲಿಲ್ಲ. ವಿರೂಪಣ್ಣ ತಾನೇ ಹೋಗಿ ಕೇಳಿಕೊಂಡ.

"ಹೊಡೆದಾಟ ಆಗಿದ್ದು ಖರೇನಪಾ," ಎಂದಳು ಆ ಮನೆಯ ಅಜ್ಜಿ. "ನಿನ್ನ ಹಲಗಿ ಮ್ಯಾಲ ನಾನ ಓದೀನಿ." ಹೇಳಿ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ವಿರೂಪಣ್ಣ ಮತ್ತೆ ಅದೇ ಸಾಲು ಬರೆದ.

ನೀತಿ: ಸುಳ್ಳು ಹೇಳದಿದ್ದರೆ ಸಾಲದು, ಅರ್ಧ ನಿಜವನ್ನು ದೊಡ್ಡದು ಮಾಡಿ ತೋರಿಸುವುದೂ ತಪ್ಪೇ. ಹೆದರಿಸಲು ಒಂದು ಸಾಲು ಸಾಕು, ಆ ಹೆದರಿಕೆ ತೆಗೆಯಲು ನೂರು ಸಾಲು ಬೇಕು. ಬರೆಯುವವರೂ ಓದಿ ಮುಂದಕ್ಕೆ ಕಳಿಸುವವರೂ ಇದನ್ನು ಮರೆಯಬಾರದು.