ಹನ್ನೆರಡು ಯುಗಾದಿ ಮಾಡಿದ ತಿಪ್ಪೇಶಿ

ಹೊಳಲ್ಕೆರೆ ಸಂತೆ ಬೀದಿಯಲ್ಲಿ ಗಿರಿಜವ್ವನದು ಒಂದು ಪ್ರೆಸ್ಸು. ಅವಳಿಗೊಬ್ಬ ಮಗ, ತಿಪ್ಪೇಶಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯೂ ಅಲ್ಲ ಅವನು, ತಾನೇ ಹಗ್ಗ ಹಿಡಿದು ಓಡುವ ಜಾತಿ. ಗಂಡ ಸತ್ತ ಮೇಲೆ ಗಿರಿಜವ್ವ ಕಂಪ್ಯೂಟರಿನ ಮುಂದೆ ಅವನನ್ನೇ ಕೂರಿಸಿದಳು. ಬೇರೆ ಯಾರಿದ್ದರು ಪಾಪ.

ಒಂದು ದಿನ ಮದುವೆ ಮನೆಯವರು ಬಂದು ಮಂಟಪ ಬದಲಾಗಿದೆ ಅಂದರು. ಗಿರಿಜವ್ವ ಹೇಳಿದಳು, "ಒಂದೊಂದೇ ಅಳಿಸ್ತಾ ಕೂರಬ್ಯಾಡ. ಹಳೇ ಮಂಟಪ ಎಲ್ಲೆಲ್ಲಿದೆಯೋ ಅಲ್ಲೆಲ್ಲಾ ಹೊಸದು ಬರೋ ಹಂಗೆ ಒಂದೇ ಸಲ ಹೇಳು. ಕಂಪ್ಯೂಟರು ತಾನೇ ಮಾಡುತ್ತೆ."

ತಿಪ್ಪೇಶಿ ಹೇಳಿದ. ಕಂಪ್ಯೂಟರು ಮಾಡಿತು. ಆ ಮದುವೆಯದು ಮಾತ್ರವಲ್ಲ, ಹಳೇ ಮಂಟಪದ ಹೆಸರಿದ್ದ ಎಲ್ಲರ ಮದುವೆ ಕಾರ್ಡೂ ಬದಲಾಯಿತು. ಮುಹೂರ್ತದ ದಿನ, ಹಳೇ ಮಂಟಪದ ಮಹಡಿ ಹಾಲು, ಕೆಳಗಿನ ಹಾಲಿಗೆ ಹೋಗಬೇಕಾದವರೂ ಸೇರಿ, ಒಂದೇ ಮಂಟಪದ ಬಾಗಿಲಲ್ಲಿ ಮೂರು ಮದುವೆಯ ಬೀಗರು ನಿಂತು ಮುಖ ಮುಖ ನೋಡಿಕೊಂಡರು.

"ಅಯ್ಯೋ ಮಂಕೇ, ಊರೋರದ್ದೆಲ್ಲಾ ಯಾಕೋ ಮುಟ್ಟಿದೆ?"

"ಎಲ್ಲೆಲ್ಲಿದೆಯೋ ಅಲ್ಲೆಲ್ಲಾ ಅಂದ್ಯಲ್ಲವ್ವ."

"ಇನ್ಮೇಲೆ ಗಿರಾಕಿ ಎಲ್ಲಿ ಬೆರಳಿಟ್ಟು ತೋರಿಸ್ತಾರೋ ಅಲ್ಲಿ ಮಾತ್ರ ಬದಲಾಯಿಸು."

"ಹೂಂ ಕಣವ್ವ."

ಆಮೇಲೆ ಅಡಿಕೆ ಮಂಡಿಯ ಸಿದ್ರಾಮಣ್ಣ ಬಂದ. ಅವನ ಕ್ಯಾಲೆಂಡರಿಗೆ ಹೊಸ ಫೋನ್ ನಂಬರು ಬೇಕಿತ್ತು. ಜನವರಿ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದ. ತಿಪ್ಪೇಶಿ ಜನವರಿಯಲ್ಲಿ ಮಾತ್ರ ಬದಲಾಯಿಸಿದ. ಉಳಿದ ತಿಂಗಳೆಲ್ಲಾ ಹಳೇ ನಂಬರು.

"ಎಲ್ಲಾ ಹಾಳೆಗೂ ಹಾಕಬೇಕು ಅನ್ನೋ ಬುದ್ಧಿ ಬ್ಯಾಡವೇನೋ?"

"ಅವರು ಜನವರೀಲಿ ಬೆರಳಿಟ್ರು ಕಣವ್ವ."

ಗಿರಿಜವ್ವ ಹಣೆ ಚಚ್ಚಿಕೊಂಡಳು. "ನೋಡು, ಇದಕ್ಕೆ ಮಾಸ್ಟರ್ ಪೇಜು ಅಂತ ಇದೆ. ಅದರಲ್ಲಿ ಒಂದು ಸಲ ಹಾಕಿದ್ರೆ ಹನ್ನೆರಡು ಹಾಳೆಗೂ ತಾನೇ ಬರುತ್ತೆ. ಇನ್ಮೇಲೆ ಕ್ಯಾಲೆಂಡರಿಗೆ ಏನು ಹಾಕೋದಿದ್ರೂ ಅದರಲ್ಲೇ ಹಾಕು."

"ಹೂಂ ಕಣವ್ವ."

ನಂಬರು ಸರಿಯಾಯಿತು. ಸಿದ್ರಾಮಣ್ಣ, ಯುಗಾದಿ ಬಿಟ್ಟುಹೋಗಿದೆ, ಅದನ್ನೂ ಹಾಕಪ್ಪ ಅಂದ. ತಿಪ್ಪೇಶಿ ಹಾಕಿದ, ಮಾಸ್ಟರ್ ಪೇಜಿನಲ್ಲೇ ಹಾಕಿದ. ವರ್ಷಕ್ಕೆ ಹನ್ನೆರಡು ಯುಗಾದಿ ಆಯಿತು.

"ತಿಂಗಳು ತಿಂಗಳೂ ಹೋಳಿಗೆ ನಿಮ್ಮವ್ವ ಮಾಡಿ ಕಳಿಸ್ತಾಳೇನಯ್ಯ?" ಅಂದ ಸಿದ್ರಾಮಣ್ಣ, ಕ್ಯಾಲೆಂಡರನ್ನೆಲ್ಲಾ ಅಲ್ಲೇ ಸುರಿದು ಎದುರಿನ ಹೊಸ ಪ್ರೆಸ್ಸಿಗೆ ಹೋದ. ಅವನ ಹಿಂದೆ ಉಳಿದ ಗಿರಾಕಿಗಳೂ ಹೋದರು.

ಗಿರಿಜವ್ವನಿಗೆ ಅಳು ಬಂತು. "ಇನ್ನೊಂದು ಕೆಲಸ ಕೆಟ್ರೆ ಬಾಗಿಲು ಹಾಕೋದೇ ಕಣೋ. ಇನ್ಮೇಲೆ ಅಚ್ಚಿಗೆ ಮುಂಚೆ ತಪ್ಪು ನೋಡೋಕೆ ಒಂದು ಪ್ರೂಫ್ ತಗೊಂಡು ಹೋಗು. ಕಾರ್ಡಲ್ಲಿ ಯಾರ ಹೆಸರು ದಪ್ಪಗಿದೆಯೋ ಅವರ ಮುಂದೆ ಇಡು. ಅವರು ಸರಿ ಅನ್ನೋತನಕ ಅಲ್ಲಿಂದ ಏಳಬ್ಯಾಡ."

"ಹೂಂ ಕಣವ್ವ."

ಆಗ ಬಂದವನೊಬ್ಬನೇ, ಮುರಿಗೆಪ್ಪ. ಅವನ ಅಪ್ಪ ಕೊಟ್ರಬಸಪ್ಪ ಲಿಂಗೈಕ್ಯರಾಗಿದ್ದರು. ಶಿವಗಣಾರಾಧನೆಯ ಕಾರ್ಡು ಸಂಜೆಗೇ ಬೇಕಿತ್ತು. ತಿಪ್ಪೇಶಿ ಕಂಪ್ಯೂಟರಿನಲ್ಲಿ ಬೇರೆಯವರದೊಂದು ಹಳೇ ಕಾರ್ಡು ತೆಗೆದ. ಹೆಸರು ಬರಬೇಕಾದಲ್ಲೆಲ್ಲಾ ಕೊಟ್ರಬಸಪ್ಪಜ್ಜನ ಹೆಸರು ಬಂತು, ಫೋಟೋ ಬಂತು, ಬೇರೆ ಯಾವುದೂ ಅಲುಗಲಿಲ್ಲ. ಹುಟ್ಟಿದ ಮೇಲೆ ಅವನು ತಪ್ಪಿಲ್ಲದೆ ಮಾಡಿದ ಮೊದಲ ಕೆಲಸ ಅದು.

ಸಂಜೆ ಮುರಿಗೆಪ್ಪ ಬಂದರೆ ಕಾರ್ಡೂ ಇಲ್ಲ, ತಿಪ್ಪೇಶಿಯೂ ಇಲ್ಲ. ರುದ್ರಭೂಮಿ ಕಡೆ ಹೋದ ಅಂದರು ಯಾರೋ. ಇಬ್ಬರೂ ಓಡಿದರು. ಅಲ್ಲಿ ಹಸಿ ಮಣ್ಣಿನ ಸಮಾಧಿಯ ಮೇಲೆ ಪ್ರೂಫ್ ಇತ್ತು, ಹಾರದಂತೆ ಅದರ ಮೇಲೊಂದು ಕಲ್ಲು, ಪಕ್ಕದಲ್ಲಿ ಪೆನ್ನು. ಎದುರಿಗೆ ಕೈಕಟ್ಟಿ ಕೂತಿದ್ದ ತಿಪ್ಪೇಶಿ.

ಮುರಿಗೆಪ್ಪ ಪ್ರೂಫ್ ಎತ್ತಿಕೊಂಡು ಓದಿದ. ಮತ್ತೊಮ್ಮೆ ಓದಿದ. "ಒಂದು ತಪ್ಪೂ ಇಲ್ಲ ಗಿರಿಜವ್ವ. ಅಚ್ಚು ಹಾಕ್ಸು," ಅಂದ. ಗಿರಿಜವ್ವನಿಗೆ ಹೋದ ಜೀವ ಬಂದಂತಾಯಿತು.

"ಏಳೋ ಮಗನೇ, ಸರಿ ಅಂದ್ರಲ್ಲ."

ತಿಪ್ಪೇಶಿ ಏಳಲಿಲ್ಲ. ಮುರಿಗೆಪ್ಪನ ಕೈಯಿಂದ ಪ್ರೂಫ್ ತೆಗೆದು ಮತ್ತೆ ಸಮಾಧಿಯ ಮೇಲಿಟ್ಟ, ಕಲ್ಲನ್ನೂ ಇಟ್ಟ.

"ದಪ್ಪ ಅಕ್ಷರದಲ್ಲಿ ಇವರ ಹೆಸರಿಲ್ಲವಲ್ಲವ್ವ, ಇವರು ಸರಿ ಅಂದ್ರೆ ಹೆಂಗೆ? ಬೆಳಗ್ಗೆಯಿಂದ ಅಜ್ಜ ಹೂಂ ಅಂತಾನೂ ಇಲ್ಲ, ಊಹೂಂ ಅಂತಾನೂ ಇಲ್ಲ. ಫೋಟೋದಲ್ಲಿ ನೋಡಿದೆ, ಕನ್ನಡಕ ಇದೆ. ಮನೇಲೇ ಬಿಟ್ಟು ಬಂದಿದ್ದಾರೆ. ಅಣ್ಣ, ಬೇಗ ಹೋಗಿ ತಂದ್ಬಿಡು, ಕತ್ತಲಾದ್ರೆ ಅವರಿಗೆ ಓದಕ್ಕಾಗಲ್ಲ."