ಹಿತ್ತಾಳೆ ಬೀಗವೂ ಹೋಟೆಲಿನ ತಿಜೋರಿಯೂ

ಇಳಕಲ್ ಸೀರೆಗಳ ವ್ಯಾಪಾರಿ ಗುರಸಿದ್ದಪ್ಪನ ಸೂಟ್‌ಕೇಸಿಗೆ ಒಂದು ಹಿತ್ತಾಳೆ ಬೀಗವಿತ್ತು. ವ್ಯಾಪಾರದ ಸಲುವಾಗಿ ಧಣಿಯ ಜೊತೆ ದುಬೈ, ಸಿಂಗಾಪುರ, ಪ್ಯಾರಿಸ್ಸಿನ ಐಷಾರಾಮಿ ಹೋಟೆಲುಗಳನ್ನೆಲ್ಲ ಸುತ್ತಿದ್ದ ಆ ಬೀಗಕ್ಕೆ ಎಲ್ಲಿ ಹೋದರೂ ಅನುಮಾನವೇ. ಬಾಗಿಲಲ್ಲಿ ನಗುತ್ತ ನಿಂತವನು ಸೂಟ್‌ಕೇಸಿನ ತೂಕ ಅಂದಾಜು ಮಾಡುತ್ತಿದ್ದಾನೆ. ಕೇಳದೆಯೇ ಬಂದ ಹಣ್ಣಿನ ಬುಟ್ಟಿಯ ಹಿಂದೆ ಏನೋ ಮಸಲತ್ತಿದೆ. ಹೀಗೇ ಅದರ ಲೆಕ್ಕಾಚಾರ.

ಈ ಸಲ ಟೋಕಿಯೋದ ಹೋಟೆಲಿನಲ್ಲಿ, ಕಪಾಟಿನೊಳಗಿದ್ದ ತಿಜೋರಿ ತಾನಾಗಿಯೇ ಮಾತಾಡಿಸಿತು. "ಬನ್ನಿ, ನಾವಿಬ್ಬರೂ ಒಂದೇ ಕಸುಬಿನವರು. ನಿಮ್ಮ ಧಣಿಯ ಕಾಗದಪತ್ರ ನನ್ನ ಹತ್ತಿರ ಇರಲಿ."

"ದಿನಕ್ಕೊಬ್ಬ ಧಣಿಗೆ ಬಾಯಿ ತೆರೆಯುವವನು ನೀನು!" ಎಂದು ಬೀಗ ಸಿಡುಕಿತು. "ನನ್ನ ಧಣಿ ಈ ಲೋಕದಲ್ಲಿ ನಂಬುವುದು ನನ್ನೊಬ್ಬನನ್ನೇ."

"ಹೌದೇ? ಹಾಗಾದರೆ ನಿಮ್ಮನ್ನು ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತಾರಲ್ಲ, ಯಾಕೆ?"

"ಅದು ಬೆನ್ನು ತಟ್ಟಿದ ಹಾಗೆ. ನಿನಗೆಲ್ಲಿ ಗೊತ್ತಾಗಬೇಕು!"

ಅಷ್ಟರಲ್ಲಿ ಗುರಸಿದ್ದಪ್ಪ ಸ್ನಾನ ಮುಗಿಸಿ ಬಂದ. ಮೀಟಿಂಗಿಗೆ ಹೊತ್ತಾಗಿತ್ತು. ಸೂಟ್‌ಕೇಸಿಗೆ ಬೀಗ ಹಾಕಿದ, ಮೂರು ಸಲ ಜಗ್ಗಿದ, ಕೀಲಿಕೈಯನ್ನು ಜೇಬಿಗಿಳಿಸಿ ಹೊರಟ. ಬೀಗ ತಿಜೋರಿಯ ಕಡೆ ಬೀಗುತ್ತ ನೋಡಿತು.

ಬಾಗಿಲವರೆಗೆ ಹೋದ ಧಣಿ ದಡದಡನೆ ಮರಳಿ ಬಂದು, ಮಂಡಿಯೂರಿ, ನಾಲ್ಕನೇ ಸಲ ಬಲವಾಗಿ ಜಗ್ಗಿದ.

"ಈ ಸುಡುಗಾಡು ಬೀಗಾನೂ ನಂಬೂಹಂಗಿಲ್ಲ," ಎಂದು ಗೊಣಗಿಕೊಂಡು ಹೋದ.

ತಿಜೋರಿ ಏನೂ ಅನ್ನಲಿಲ್ಲ. ಅದು ಯಾಕೆ ಸುಮ್ಮನಿದೆ ಎಂದು ಬೀಗಕ್ಕೆ ಅನುಮಾನ ಹತ್ತಿತು.