ಹಗ್ಗದ ಜುಂಜವ್ವ ಕಾವಲು ಹಂಚಿದ್ದು

ನಿಮ್ಮ ತಾತಂದಿರ ತಾತಂದಿರು ಇನ್ನೂ ತೊಟ್ಟಿಲು ಕಂಡಿರ್ಲಿಲ್ಲ, ಅಷ್ಟು ಹಿಂದೆ, ಒಂದೂರಾಗೆ ಹಗ್ಗದ ಜುಂಜವ್ವ ಅಂತ ಒಬ್ಳಿದ್ಲಂತೆ ಕಣ್ರೋ. ಒಂದೂರೇನು, ಇದೇ ಊರು. ಪಕ್ಕದೂರೋರು ನಮ್ಮೋಳು ಅಂತಾರೆ, ಅವರ ಮಾತು ಬಿಡ್ರಿ. ಅವರೂರಾಗೆ ಒಂದು ಕರ ಕಟ್ಟೋವಷ್ಟು ಹಗ್ಗ ಹೊಸೆಯೋರು ಯಾವತ್ತಿದ್ರು?

ಜುಂಜವ್ವ ಕತ್ತಾಳೆ ಕೊಯ್ದು, ನೀರಾಗೆ ಕೊಳೆಹಾಕಿ, ಬಡಿದು, ನಾರು ತೆಗೆದು, ತೊಡೆ ಮ್ಯಾಲೆ ಹೊಸೀತಿದ್ಲಂತೆ. ಅವಳ ಹಗ್ಗಕ್ಕೆ ಆನೆ ಕಟ್ಟಿದ್ರೆ ಆನೆ ಎಳ್ದು ಎಳ್ದು ಬೇಜಾರಾಗಿ ಮಲಗ್ಬಿಡ್ತಿತ್ತು ಅಂತಾರೆ. ಸಿಡಿಲು ಬಿದ್ರೆ ಸಿಡಿಲೇ ಸಿಕ್ಕಾಕ್ಕಂಡು ಒದ್ದಾಡ್ತಿತ್ತು ಅಂತಾರೆ. ನಾನು ಕಂಡಿಲ್ಲ. ಕಂಡೋರ ಮೊಮ್ಮಕ್ಕಳನ್ನ ಕಂಡಿದೀನಿ, ಸಾಕಲ್ಲ?

ಊರ ಮಗ್ಗುಲಾಗೆ ಒಂದು ಕಾವಲು, ದನ ಕುರಿ ಮೇಯೋ ಬಯಲು. ಯಾರದೂ ಅಲ್ಲ, ಎಲ್ಲಾರ್ದೂ ಹೌದು. ಮೊಣಕಾಲುದ್ದ ಹುಲ್ಲು, ನಡುವೆ ಕಾರೆ ಪೊದೆ, ತಗ್ಗಿನಾಗೆ ಜೇಡಿಮಣ್ಣು, ಮ್ಯಾಲ್ಕಡೆ ಕೆಂಪು ನೆಲ. ಒಂದು ವರ್ಷ ಮಳೆ ಚೆನ್ನಾಗಿ ಹುಯ್ತಂತೆ. ಊರ ಗೌಡ ಮುದ್ದುವೀರಪ್ಪ ಕಾವಲಿನ ಕಡೆ ನೋಡ್ದ. ಅವನ ಕಣ್ಣಿಗೆ ರಾಗಿ ಬೆಳೀದಿರೋ ನೆಲ ಅಂದ್ರೆ ಬೋಳುತಲೆ ಇದ್ದಂಗೆ. ಇಡೀದು ಉತ್ತು ಬಿತ್ತೀನಿ ಅಂದ್ಬಿಟ್ನಂತೆ.

ಕುರಿ ಕಾಯೋ ಕ್ಯಾತಪ್ಪ ಓಡಿ ಬಂದ. ಕಾವಲು ಹೋದ್ರೆ ಹುಲ್ಲಿಲ್ಲ, ಹುಲ್ಲಿಲ್ದಿದ್ರೆ ಕುರಿ ಇಲ್ಲ. ಕುರಿಯೋರ ಹಟ್ಟಿಗೆ ಹಟ್ಟೀನೇ ಊರು ಬಿಡ್ಬೇಕು. ಅವನ ಹೆಂಡ್ತಿ ಆಗ್ಲೇ ಅಳ್ತಾ ಗಂಟುಮೂಟೆ ಕಟ್ತಿದ್ಲಂತೆ. ಕುಂಬಾರ ಗುರುವಣ್ಣ ಬಂದು, ಮಣ್ಣಿಲ್ದೆ ಮಡಕೆ ನಿಮ್ಮಪ್ಪ ಮಾಡ್ತಾನಾ ಅಂತ ಕೇಳಿದ್ನಂತೆ. ಕೊನೆಗೆ ದ್ಯಾವಮ್ಮಜ್ಜಿ ಕೋಲೂರ್ಕಂಡು ಬಂದ್ಲು. ಕಾರೆ ಪೊದೆಯಾಗೆ ಬೆಳಿಗ್ಗೆ ಗೌಜಲ ಹಕ್ಕಿ ಕೂಗ್ತಾವೆ, ಅದನ್ನ ಕೇಳ್ದಿದ್ರೆ ನಂಗೆ ಮುದ್ದೆ ಇಳಿಯಲ್ಲ ಅಂದ್ಲಂತೆ.

ಎಲ್ಲಾ ಬಿದ್ದು ಬಿದ್ದು ನಕ್ರು.

"ಅಜ್ಜೀ, ಆ ಕೂಗನ್ನ ಯಾವ ಕಣಜಕ್ಕೆ ತುಂಬ್ತೀಯ?" ಅಂದ ಗೌಡ.

"ನಿನ್ನ ರಾಗೀನ ಯಾವ ಕಿವೀಗೆ ಹುಯ್ಕಳ್ಳಾನ, ನೀನೇ ಹೇಳಪ್ಪ" ಅಂದ್ಲು ಅಜ್ಜಿ.

ಮಾತಿಗೆ ಮಾತು ಬೆಳೀತು. ದೊಣ್ಣೆ ಈಚೆಗೆ ಬಂದ್ವು. ಆಗ ಜುಂಜವ್ವ ಹಗ್ಗದ ಹೊರೆ ತಂದು ದೊಪ್ಪಂತ ನಡುವೆ ಹಾಕಿದ್ಲಂತೆ. ಎಲ್ಲಾರೂ ಒಂದೊಂದು ತಗಳ್ರಿ, ಕಾವಲಿನಾಗೆ ನಿಮ್ಮ ಕಾಲು ಎಲ್ಲೆಲ್ಲಿ ತುಳೀಬೇಕೋ ಅಲ್ಲೆಲ್ಲಾ ಹಾಸ್ರಿ ಅಂದ್ಲು. ಯಾರು ತನ್ನ ಹಗ್ಗಾನ, ಇನ್ನೊಬ್ಬರ ಹಗ್ಗ ಅಲ್ಲಾಡದಂಗೆ ಎತ್ಕಂತಾರೋ ಅವರ ಮಾತು ಮೊದ್ಲು ನಡೀಲಿ ಅಂದ್ಲು. ಎಲ್ಲಾರೂ ದೇವ್ರ ಮ್ಯಾಲೆ ಆಣೆ ಇಟ್ರು.

ಗೌಡಂಗೆ ಅವಸರ. ಕೋಳಿ ಕೂಗೋದ್ರಾಗೇ ಓಡೋಗಿ, ನೇಗಿಲ ಸಾಲಿನಂಗೆ ಈ ಕೊನೆಯಿಂದ ಆ ಕೊನೆಗೆ, ಆ ಕೊನೆಯಿಂದ ಈ ಕೊನೆಗೆ ಹಗ್ಗ ಹಾಸ್ದ. ಮೊದ್ಲು ಬಂದೋನು ನಾನೇ ಅಂತ ಮೀಸೆ ತಿರುವ್ದ. ಆಮ್ಯಾಲೆ ಕ್ಯಾತಪ್ಪ ಕುರಿ ಹೋಗೋ ದಾರೀಗೆ ಹಾಸ್ದ. ಅದ್ರ ಮ್ಯಾಲೆ ಗುರುವಣ್ಣ ತಗ್ಗಿನವರ್ಗೂ ಹಾಸ್ದ. ಬಿಸಿಲೇರಿದ ಮ್ಯಾಲೆ ಅಜ್ಜಿ ಕುಂಟ್ತಾ ಕುಂಟ್ತಾ ಬಂದು, ಎಲ್ಲಾರ ಹಗ್ಗ ದಾಟ್ಕಂಡು ಕಾರೆ ಪೊದೆಗೆ ತನ್ನದೊಂದು ಎಳೆ ಹಾಸಿದ್ಲು.

ಹೂಂ, ಎತ್ತಪ್ಪ ಗೌಡ ಅಂದ್ರು. ಗೌಡ ಎಳ್ದ. ಅವನ ಹಗ್ಗ ಎಲ್ಲಾದಕ್ಕೂ ಅಡಿಯಾಗಿತ್ತು ಕಣ್ರೋ! ಬರ್ಲಿಲ್ಲ. ಎತ್ತು ಕಟ್ಟಿ ಎಳೆಸ್ದ. ಎತ್ತು ಮಂಡಿ ಊರಿದ್ವು, ಗೌಡ ಜಾರಿ ಕತ್ತಾಳೆ ಮೆಳೆ ಮ್ಯಾಲೆ ಕುಂತ. ಆವತ್ತೆಲ್ಲಾ ಗೌಡ್ತಿ ಮುಳ್ಳು ಕೀಳ್ತಾ ಇದ್ಲು ಅಂತಾರೆ. ಎಲ್ಲಿ ಚುಚ್ಚಿತ್ತು ಅಂತ ಕೇಳ್ಬ್ಯಾಡ್ರಿ, ಹೆಣ್ಮಕ್ಕಳಿದಾರೆ.

ಅಜ್ಜಿ ಹಗ್ಗ ಮ್ಯಾಲಿತ್ತು. ಎರಡು ಬೆರಳಾಗೆ ಎತ್ಕಂಡ್ಲು. ಪೊದೆಗೆ ನೇಗಿಲು ಸೋಕಬಾರ್ದು ಅಂದ್ಲು. ಆಮ್ಯಾಲೆ ಗುರುವಣ್ಣ ಎತ್ಕಂಡ. ಬ್ಯಾಸಿಗೇಲಿ ಮಾತ್ರ ತಗ್ಗಿನ ಮಣ್ಣು ಸಾಕು ಅಂದ. ಆಮ್ಯಾಲೆ ಕ್ಯಾತಪ್ಪ. ಕೆಳಗಿನ ಹುಲ್ಲು ಬಿಡ್ರಿ, ಸುಗ್ಗಿ ಆದ್ಮ್ಯಾಲೆ ಗೌಡ್ರ ಹೊಲದಾಗೆ ರಾತ್ರಿ ಕುರಿ ತರುಬಿ ಮಲಗಿಸ್ತೀನಿ, ಗೊಬ್ಬರ ಅವರ್ಗೇ ಆಗ್ಲಿ ಅಂದ. ಕೊನೆಗೆ ಗೌಡನ ಹಗ್ಗ ತಾನಾಗೇ ಬಂತು.

"ನಂಗೇನುಳೀತೇ ಜುಂಜವ್ವ?" ಅಂದ, ನಿಂತ್ಕಂಡೇ. ಕೂರಕ್ಕಾಗ್ತಿರ್ಲಿಲ್ಲ.

"ಮ್ಯಾಲಿನ ಕೆಂಪು ನೆಲ ಹಂಗೇ ಐತಲ್ಲಣ್ಣ. ಅದನ್ನ ಯಾರೂ ಕೇಳ್ಲೇ ಇಲ್ಲ."

ಮರುವರ್ಷ ಆ ಕೆಂಪು ನೆಲದಾಗೆ, ಆ ಕುರಿ ಗೊಬ್ಬರಕ್ಕೆ, ರಾಗಿ ಎಂಗೆ ಬಂತು ಅಂದ್ರೆ, ತೆನೆ ಭಾರಕ್ಕೆ ಹೊಲಾನೇ ಒಂದ್ಕಡೆ ವಾಲ್ತು ಅಂತಾರೆ. ಕ್ಯಾತಪ್ಪನ ಹೆಂಡ್ತಿ ಗಂಟು ಬಿಚ್ಚಿ ಪಾತ್ರೆ ಜೋಡಿಸ್ಕಂಡ್ಲು. ಆ ಹಟ್ಟಿ ಇವತ್ತಿಗೂ ಐತೆ, ಹೋಗಿ ನೋಡ್ರಿ.

ಈಗ್ಲೂ ನಮ್ಮೂರಾಗೆ ಮುಂಗಾರಿಗೆ ಮುಂಚೆ ಮನೆಗೊಂದು ಹಗ್ಗ ತಗಂಡು ಕಾವಲಿಗೆ ಹೋಗ್ತೀವಿ. ನೀ ಹಾಸು ಮೊದ್ಲು, ಇಲ್ಲಪ್ಪ ನೀ ಹಾಸು ಅಂತ ಹೊತ್ತು ನೆತ್ತಿಗೇರೋವರ್ಗೂ ಮರ್ಯಾದೆ ಮಾಡ್ಕಂತೀವಿ. ಹೊಸದಾಗಿ ಬಂದ ಸೊಸೆಗೂ ಒಂದು ಹಗ್ಗ. ಅವಳು ಏನು ಬೇಕಂದ್ರೂ ನಗಂಗಿಲ್ಲ, ನಕ್ಕೋನೇ ಮೊದ್ಲು ಹಾಸ್ಬೇಕು. ಹೋದ ವರ್ಷ ಒಂದು ಹುಡುಗಿ, ತವರಿನ ಗುಡ್ಡ ಕಾಣೋ ದಿಬ್ಬ ಐತಲ್ಲ, ಅಲ್ಲೊಂದು ಗಳಿಗೆ ನಿಲ್ಲಕ್ಕೆ ಜಾಗ ಬೇಕು ಅಂದ್ಲು. ಒಬ್ಬನೂ ಹಲ್ಲು ಬಿಡ್ಲಿಲ್ಲ. ಈ ಸಲ ನೇಗಿಲು ಹೂಡಿದೋರೆಲ್ಲಾ ಆ ದಿಬ್ಬ ಸುತ್ತಾಕ್ಕಂಡೇ ಉತ್ತವ್ರೆ.